ಡ್ರೈವರ್ ಹೊಡೆತ ಬಲಕ್ಕೆ ಬಾಗುವುದೇಕೆ, ಪಾಠದಿಂದ ಅದು ನೆಟ್ಟಗಾಗುವುದು ಹೇಗೆ

ಗಾಲ್ಫ್ ಶುರು ಮಾಡಿದ ಬಹುಪಾಲು ಜನಕ್ಕೆ ಮೊದಲು ಅಂಟಿಕೊಳ್ಳುವ ಕಾಯಿಲೆ ಒಂದೇ. ಟೀ ಅನ್ನುವ ಪುಟ್ಟ ಗೂಟದ ಮೇಲೆ ಚೆಂಡಿಟ್ಟು, ದೂರ ಹೊಡೆಯುವ ಉದ್ದನೆಯ ಕ್ಲಬ್ಬಾದ ಡ್ರೈವರ್ ಹಿಡಿದು, ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ಬೀಸುತ್ತಾರೆ. ಚೆಂಡು ಚೆನ್ನಾಗಿಯೇ ಹೊರಡುತ್ತದೆ. ಅರ್ಧ ದಾರಿಯಲ್ಲಿ ಬಲಕ್ಕೆ ಬಾಗತೊಡಗಿ, ಹುಲ್ಲು ಕತ್ತರಿಸಿದ ಫೇರ್‌ವೇ ದಾಟಿ, ಮರಗಳ ಮಧ್ಯೆ ಕಾಣೆಯಾಗುತ್ತದೆ. ಇದಕ್ಕೆ ಸ್ಲೈಸ್ ಅನ್ನುತ್ತಾರೆ. ಜೊತೆಗಿದ್ದವರು ಕೇಳದಿದ್ದರೂ ಸಲಹೆ ಕೊಡುತ್ತಾರೆ: ತಲೆ ಎತ್ತಿಬಿಟ್ರಿ, ಎಡಗೈ ಮಡಚಿತು, ಸ್ವಲ್ಪ ನಿಧಾನ ಹೊಡೀರಿ. ಮುಂದಿನ ಚೆಂಡೂ ಅದೇ ಮರಗಳ ಕಡೆಗೇ ಹೋಗುತ್ತದೆ.

ಚೆಂಡಿಗೆ ನಿಮ್ಮ ತಲೆಯೂ ಗೊತ್ತಿಲ್ಲ, ಮೊಣಕೈಯೂ ಗೊತ್ತಿಲ್ಲ. ಅದಕ್ಕೆ ಗೊತ್ತಾಗುವುದು ಕ್ಲಬ್ಬಿನ ಮುಖ ತನ್ನನ್ನು ಮುಟ್ಟಿದ ಹೊತ್ತು ಮಾತ್ರ. ಆ ಹೊತ್ತು ಎಷ್ಟು ಅಂದರೆ ಸುಮಾರು ಅರ್ಧ ಮಿಲಿಸೆಕೆಂಡು, ಅಂದರೆ ಒಂದು ಸೆಕೆಂಡಿನ ಎರಡು ಸಾವಿರ ಪಾಲಿನಲ್ಲಿ ಒಂದು ಪಾಲು. ಅಷ್ಟರಲ್ಲಿ ಏನಾಯಿತು ಅಂತ ಕಣ್ಣಿಗೆ ಕಾಣುವುದಿಲ್ಲ, ಕೈಗೆ ತಿಳಿಯುವುದಿಲ್ಲ. ಗಾಲ್ಫ್ ಪಾಠಕ್ಕೆ ದುಡ್ಡು ಕೊಡುವುದರಲ್ಲಿ ಅರ್ಥವಿದೆ ಅನ್ನುವುದಾದರೆ ಅದು ಇದಕ್ಕೇ. ನಿಮಗೆ ತಿಳಿಯದ ಆ ಕ್ಷಣವನ್ನು ಓದಿ ಹೇಳುವ ಒಬ್ಬರು ಬೇಕು.

(ಇಲ್ಲಿ ಹೇಳುವುದೆಲ್ಲ ಬಲಗೈ ಆಟಗಾರರ ಲೆಕ್ಕ. ಎಡಗೈಯವರು ಎಡಬಲ ಅದಲುಬದಲು ಮಾಡಿ ಓದಿಕೊಳ್ಳಿ.)

ಮುಖ ಒಂದು ಕಡೆ, ದಾರಿ ಇನ್ನೊಂದು ಕಡೆ

ಚೆಂಡಿಗೆ ತಾಗುವಾಗ ಕ್ಲಬ್ಬಿನ ಬಗ್ಗೆ ಎರಡು ಬೇರೆ ಬೇರೆ ಪ್ರಶ್ನೆ ಕೇಳಬಹುದು. ಅದರ ಮುಖ ಯಾವ ಕಡೆ ತಿರುಗಿತ್ತು? ಕ್ಲಬ್ಬು ಯಾವ ಕಡೆಗೆ ಸಾಗುತ್ತಿತ್ತು, ಅಂದರೆ ಅದರ ದಾರಿ ಯಾವುದು? ಇವೆರಡೂ ಒಂದೇ ಆಗಿರಬೇಕಿಲ್ಲ. ಮುಖ ಬಲಕ್ಕೆ ನೋಡುತ್ತಿರುವಾಗಲೇ ಕ್ಲಬ್ಬು ಎಡಕ್ಕೆ ಓಡುತ್ತಿರಬಹುದು. ಸ್ಲೈಸಿನ ಕಥೆ ಪೂರ್ತಿ ಈ ಎರಡರ ಜಗಳ.

ಕ್ಲಬ್ಬು ಬೀಸಿದ ದಿಕ್ಕಿಗೇ ಚೆಂಡು ಹೊರಡುತ್ತದೆ, ಆಮೇಲೆ ಮುಖ ನೋಡುತ್ತಿದ್ದ ಕಡೆಗೆ ಬಾಗುತ್ತದೆ ಎಂದು ತುಂಬಾ ವರ್ಷ ಹೇಳಿಕೊಡುತ್ತಿದ್ದರು. ಈಗಲೂ ಹಾಗೆ ಹೇಳುವವರು ಸಿಗುತ್ತಾರೆ. ಟ್ರ್ಯಾಕ್‌ಮ್ಯಾನ್ ತರಹದ ರೇಡಾರ್ ಯಂತ್ರಗಳು ಬಂದ ಮೇಲೆ ಈ ಮಾತು ತಪ್ಪು ಅಂತ ಗೊತ್ತಾಯಿತು. ಡ್ರೈವರ್ ಹೊಡೆತದಲ್ಲಿ ಚೆಂಡು ಹೊರಡುವ ದಿಕ್ಕನ್ನು ಹೆಚ್ಚುಕಡಿಮೆ ಶೇ. 85ರಷ್ಟು ತೀರ್ಮಾನಿಸುವುದು ಮುಖವೇ. ಮುಖಕ್ಕೂ ದಾರಿಗೂ ಇರುವ ಅಂತರ ಚೆಂಡು ಎಷ್ಟು ಬಾಗಬೇಕು ಅನ್ನುವುದನ್ನು ತೀರ್ಮಾನಿಸುತ್ತದೆ.

ಬಾಗುವುದು ಯಾಕೆ ಅಂತ ತಿಳಿಯಲು ಸ್ಪಿನ್ ಕಡೆ ನೋಡಬೇಕು. ಡ್ರೈವರಿನ ಮುಖ ಸುಮಾರು 10 ಡಿಗ್ರಿ ಮೇಲ್ಮುಖವಾಗಿ ಓರೆಯಾಗಿರುವುದರಿಂದ ಚೆಂಡು ಹಿಮ್ಮುಖವಾಗಿ ತಿರುಗುತ್ತಾ ಹೋಗುತ್ತದೆ. ಇದು ಬ್ಯಾಕ್‌ಸ್ಪಿನ್. ಅಮೆರಿಕದ ವೃತ್ತಿಪರ ಪಂದ್ಯಸರಣಿ ಪಿಜಿಎ ಟೂರ್‌ನ ಆಟಗಾರರ ಡ್ರೈವ್ ನಿಮಿಷಕ್ಕೆ ಸುಮಾರು 2,700 ಸುತ್ತು ತಿರುಗುತ್ತದೆ. ಈ ತಿರುಗುವಿಕೆ ಗಾಳಿಯನ್ನು ಕೆಳಕ್ಕೆ ತಳ್ಳಿ ಚೆಂಡನ್ನು ಮೇಲಕ್ಕೆ ಎತ್ತುತ್ತದೆ. 1890ರ ದಶಕದಲ್ಲಿ ಎಡಿನ್‌ಬರೋದ ಭೌತಶಾಸ್ತ್ರ ಪ್ರಾಧ್ಯಾಪಕ ಪೀಟರ್ ಗತ್ರಿ ಟೇಟ್ ಇದನ್ನು ಲೆಕ್ಕ ಹಾಕಿ ತೋರಿಸಿದರು. ಚೆಂಡು ಅಷ್ಟು ಹೊತ್ತು ಗಾಳಿಯಲ್ಲಿ ನಿಲ್ಲುವುದಕ್ಕೆ ಬ್ಯಾಕ್‌ಸ್ಪಿನ್ ಕಾರಣ ಅಂತ. ಅವರ ಮಗ ಫ್ರೆಡಿ ಟೇಟ್ 1896 ಮತ್ತು 1898ರಲ್ಲಿ ಬ್ರಿಟಿಷ್ ಅಮೆಚೂರ್ ಚಾಂಪಿಯನ್. ಅಪ್ಪನ ಪ್ರಯೋಗಕ್ಕೆ ಮನೆಯಲ್ಲೇ ಒಳ್ಳೆಯ ಆಟಗಾರ ಇದ್ದ ಅನ್ನಿ. ಕ್ರಿಕೆಟ್ ಸ್ಪಿನ್ನರ್ ಇ.ಎ.ಎಸ್. ಪ್ರಸನ್ನ ಅವರ ಆಫ್‌ಬ್ರೇಕ್ ಗಾಳಿಯಲ್ಲೇ ಜಾರಿ ಬ್ಯಾಟ್ಸ್‌ಮನ್‌ನನ್ನು ಮೋಸಗೊಳಿಸುತ್ತಿದ್ದುದರ ಹಿಂದೆಯೂ ಇರುವುದು ಇದೇ ಮ್ಯಾಗ್ನಸ್ ಪರಿಣಾಮ.

ಮುಖ ಮತ್ತು ದಾರಿ ಎರಡೂ ಒಂದೇ ಕಡೆಗಿದ್ದರೆ ಚೆಂಡು ತಿರುಗುವ ಅಚ್ಚು ನೆಲಕ್ಕೆ ಸಮನಾಗಿರುತ್ತದೆ. ಆಗ ಎತ್ತುವ ಬಲ ನೇರ ಮೇಲಕ್ಕೆ. ದಾರಿಗಿಂತ ಮುಖ ಬಲಕ್ಕಿದ್ದರೆ ಅಚ್ಚು ಬಲಕ್ಕೆ ವಾಲುತ್ತದೆ. ಎತ್ತುವ ಬಲವೂ ಬಲಕ್ಕೆ ವಾಲಿ, ಚೆಂಡನ್ನು ಮೇಲಕ್ಕೂ ಬಲಕ್ಕೂ ಎಳೆಯುತ್ತದೆ. ಪಕ್ಕದ ಸ್ಪಿನ್ ಅಂತ ಬೇರೆ ಇಲ್ಲ. ಇರುವುದು ವಾಲಿದ ಬ್ಯಾಕ್‌ಸ್ಪಿನ್ ಅಷ್ಟೇ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಗುರಿಗಿಂತ 6 ಡಿಗ್ರಿ ಎಡಕ್ಕೆ ಕ್ಲಬ್ಬು ಸಾಗುತ್ತಿದೆ, ಮುಖ 1 ಡಿಗ್ರಿ ಎಡಕ್ಕಿದೆ. ಗುರಿಯ ಲೆಕ್ಕದಲ್ಲಿ ಮುಖ ಮುಚ್ಚಿದೆ, ಅಂದರೆ ಎಡಕ್ಕೆ ತಿರುಗಿದೆ. ಆದರೂ ಚೆಂಡು ತುಸು ಎಡಕ್ಕೆ ಹೊರಟು ಬಲಕ್ಕೆ ಬಾಗುತ್ತದೆ. ಯಾಕೆಂದರೆ ದಾರಿಗೆ ಹೋಲಿಸಿದರೆ ಮುಖ 5 ಡಿಗ್ರಿ ತೆರೆದಿದೆ, ಅಂದರೆ ಬಲಕ್ಕಿದೆ.

ಇಲ್ಲೇ ದೊಡ್ಡ ಬಲೆ ಇರುವುದು. ಚೆಂಡು ಬಲಕ್ಕೆ ಹೋಗುತ್ತಿದೆ ಅಂದ ತಕ್ಷಣ ಯಾರಾದರೂ ಏನು ಮಾಡುತ್ತಾರೆ? ಎಡಕ್ಕೆ ತಿರುಗಿ ನಿಲ್ಲುತ್ತಾರೆ, ಎಡಕ್ಕೆ ಬೀಸುತ್ತಾರೆ. ದಾರಿ ಇನ್ನಷ್ಟು ಎಡಕ್ಕೆ ಸರಿಯುತ್ತದೆ. ಚೆಂಡು ಗುರಿಯ ಕಡೆ ಹೊರಡಲಿ ಅಂತ ಕೈ ತಾನಾಗಿ ಮುಖವನ್ನು ಗುರಿಯತ್ತ ತೆರೆದೇ ಇಡುತ್ತದೆ. ಅಂತರ ಇನ್ನೂ ಹೆಚ್ಚಾಯಿತು, ಬಾಗುವುದೂ ಹೆಚ್ಚಾಯಿತು. ಮುಂದಿನ ಸಲ ಇನ್ನಷ್ಟು ಎಡಕ್ಕೆ. ಸ್ಲೈಸ್ ವರ್ಷಗಟ್ಟಲೆ ಬಿಡದೇ ಇರುವುದಕ್ಕೆ ಸೋಮಾರಿತನ ಕಾರಣ ಅಲ್ಲ. ಸಹಜ ಬುದ್ಧಿ ಹೇಳುವ ಪರಿಹಾರವೇ ಕಾಯಿಲೆಯನ್ನು ಜಾಸ್ತಿ ಮಾಡುತ್ತದೆ.

ಎಲ್ಲಿ ತಾಗಿತು ಅನ್ನುವುದನ್ನು ಮೊದಲು ನೋಡಿ

ಮುಖ, ದಾರಿ ಎರಡೂ ಸರಿಯಿದ್ದೂ ಚೆಂಡು ಬಾಗಬಹುದು. ಡ್ರೈವರಿನ ತಲೆ ದೊಡ್ಡದು. ನಿಯಮ 460 ಸಿಸಿ ತನಕ ಬಿಡುತ್ತದೆ. ನಟ್ಟನಡುವೆ ಬಿಟ್ಟು ಕೋಲಿನ ಹತ್ತಿರದ ಹೀಲ್ ಕಡೆ ಚೆಂಡು ತಾಗಿದರೆ ಆ ಪೆಟ್ಟಿಗೆ ತಲೆ ತುಸು ತಿರುಗುತ್ತದೆ. ಹಲ್ಲುಚಕ್ರಗಳು ಒಂದಕ್ಕೊಂದು ಎದುರಾಗಿ ತಿರುಗುವ ಹಾಗೆ ಚೆಂಡು ವಿರುದ್ಧ ದಿಕ್ಕಿಗೆ ತಿರುಗಿ ಸ್ಲೈಸ್ ಆಗುತ್ತದೆ. ತುದಿಯ ಟೋ ಕಡೆ ತಾಗಿದರೆ ಎಡಕ್ಕೆ ಬಾಗುತ್ತದೆ. ಡ್ರೈವರಿನ ಮುಖವನ್ನು ಸ್ವಲ್ಪ ಉಬ್ಬಾಗಿ ಮಾಡಿರುವುದು ಇದನ್ನು ಸರಿದೂಗಿಸಲಿಕ್ಕೇ. ಮುಖದ ಮೇಲ್ಭಾಗಕ್ಕೆ ತಾಗಿದರೆ ಸ್ಪಿನ್ ಕಡಿಮೆ, ಕೆಳಭಾಗಕ್ಕೆ ತಾಗಿದರೆ ಜಾಸ್ತಿ.

ಆದ್ದರಿಂದ ಸ್ವಿಂಗ್ ಮುಟ್ಟುವ ಮೊದಲು ಒಂದು ಪರೀಕ್ಷೆ ಮಾಡಿ. ಡ್ರೈವರಿನ ಮುಖಕ್ಕೆ ತೆಳ್ಳಗೆ ಟಾಲ್ಕಂ ಪೌಡರ್ ಹಚ್ಚಿ ಹೊಡೆಯಿರಿ. ಚೆಂಡು ತಾಗಿದ ಜಾಗದಲ್ಲಿ ಗುಂಡನೆಯ ಗುರುತು ಉಳಿಯುತ್ತದೆ. ಐದಾರು ಹೊಡೆತಕ್ಕೆ ಚಿತ್ರ ಸ್ಪಷ್ಟವಾಗುತ್ತದೆ. ಎಲ್ಲ ಗುರುತೂ ಹೀಲ್ ಕಡೆಗಿದ್ದರೆ, ಚೆಂಡಿನಿಂದ ತುಸು ದೂರ ನಿಂತು ನೋಡುವುದರಿಂದಲೇ ಅರ್ಧ ಸ್ಲೈಸ್ ಹೋಗಬಹುದು.

ದೂರದ ಲೆಕ್ಕದಲ್ಲೂ ಇದು ದೊಡ್ಡದು. ಕ್ಲಬ್ಬಿನ ವೇಗದ ಎಷ್ಟು ಪಟ್ಟು ವೇಗದಲ್ಲಿ ಚೆಂಡು ಹೊರಡುತ್ತದೆ ಅನ್ನುವುದಕ್ಕೆ ಸ್ಮ್ಯಾಶ್ ಫ್ಯಾಕ್ಟರ್ ಅನ್ನುತ್ತಾರೆ. ಡ್ರೈವರಿನಲ್ಲಿ ಅದು ಹೆಚ್ಚೆಂದರೆ 1.5ರ ಹತ್ತಿರ. ಗಂಟೆಗೆ 90 ಮೈಲಿ ವೇಗದಲ್ಲಿ ಬೀಸುವವರು ನಡುಮಧ್ಯಕ್ಕೆ ಹೊಡೆದು 1.48 ಪಡೆದರೆ ಚೆಂಡಿನ ವೇಗ 133 ಮೈಲಿ. ಅಂಚಿಗೆ ತಾಗಿ 1.35 ಆದರೆ 121 ಚಿಲ್ಲರೆ. ಚೆಂಡಿನ ವೇಗ ಒಂದು ಮೈಲಿ ಹೆಚ್ಚಾದರೆ ಸುಮಾರು ಎರಡು ಗಜ ಹೆಚ್ಚು ಹಾರುತ್ತದೆ. ಅಂದರೆ ಇಪ್ಪತ್ತು ಗಜಕ್ಕೂ ಜಾಸ್ತಿ ಲಾಭ, ಒಂದು ಹನಿ ಬೆವರು ಹೆಚ್ಚು ಸುರಿಸದೆ. ಅಷ್ಟನ್ನೇ ಶಕ್ತಿಯಿಂದ ಗಳಿಸಬೇಕಾದರೆ 9 ಮೈಲಿ ಹೆಚ್ಚು ವೇಗದಲ್ಲಿ ಬೀಸಬೇಕು. ನಲವತ್ತು ದಾಟಿದ ಬೆನ್ನನ್ನು ಕೇಳಿ ನೋಡಿ, ಏನು ಹೇಳುತ್ತದೆ ಅಂತ.

ಮೇಲಕ್ಕೆ ಹೊಡೆಯಬೇಕಾದ ಒಂದೇ ಕ್ಲಬ್

ನೆಲದ ಮೇಲಿನ ಚೆಂಡಿಗೆ ತೆಳು ತಲೆಯ ಐರನ್ ಕ್ಲಬ್ಬಿನಿಂದ ಹೊಡೆಯುವಾಗ ಕ್ಲಬ್ಬು ಕೆಳಮುಖವಾಗಿ ಬಂದು ಮೊದಲು ಚೆಂಡಿಗೆ, ಆಮೇಲೆ ಹುಲ್ಲಿಗೆ ತಾಗಬೇಕು. ಡ್ರೈವರ್ ಹಾಗಲ್ಲ. ಚೆಂಡು ಟೀ ಮೇಲಿದೆ. ಕ್ಲಬ್ಬು ತನ್ನ ಅತಿ ಕೆಳಗಿನ ಬಿಂದು ದಾಟಿ ಮೇಲೇಳುತ್ತಿರುವಾಗ ತಾಗಿದರೆ ಚೆಂಡು ಎತ್ತರದಲ್ಲಿ ಹೊರಡುತ್ತದೆ, ಸ್ಪಿನ್ ಕಡಿಮೆ ಇರುತ್ತದೆ. ದೂರಕ್ಕೆ ಬೇಕಾದ್ದು ಇದೇ ಜೋಡಿ. ಟ್ರ್ಯಾಕ್‌ಮ್ಯಾನ್ ಪ್ರಕಟಿಸಿದ ಸರಾಸರಿಯಲ್ಲಿ ಪಿಜಿಎ ಟೂರ್‌ನ ಗಂಡಸರು ಡ್ರೈವರನ್ನು ತುಸು ಕೆಳಮುಖವಾಗಿಯೇ ಹೊಡೆಯುತ್ತಾರೆ. ಅವರಿಗೆ 113 ಮೈಲಿ ಆಸುಪಾಸಿನ ವೇಗ ಇದೆ, ನಡೆಯುತ್ತದೆ. ಎಲ್‌ಪಿಜಿಎ ಅನ್ನುವ ವೃತ್ತಿಪರ ಪಂದ್ಯಸರಣಿಯ ಹೆಂಗಸರು ಸುಮಾರು 94 ಮೈಲಿಯಲ್ಲಿ ಬೀಸುತ್ತಾರೆ, 3 ಡಿಗ್ರಿಯಷ್ಟು ಮೇಲ್ಮುಖವಾಗಿ ಹೊಡೆಯುತ್ತಾರೆ. ವಾರಾಂತ್ಯದಲ್ಲಿ ಆಡುವ ಗಂಡಸರು ಟಿವಿಯಲ್ಲಿ ರೋರಿ ಮೆಕಿಲ್‌ರಾಯ್‌ನನ್ನು ನೋಡಿ ನಕಲು ಮಾಡುತ್ತಾರೆ. ಅವರ ವೇಗಕ್ಕೆ ಹೊಂದುವ ಗುರುಗಳು ಎಲ್‌ಪಿಜಿಎಯಲ್ಲಿ ಇದ್ದಾರೆ.

ಮೇಲ್ಮುಖ ಹೊಡೆತದ ಬಹುಪಾಲು ಕೆಲಸ ಬೀಸುವ ಮೊದಲೇ, ನಿಲ್ಲುವ ರೀತಿಯಲ್ಲೇ ಮುಗಿದಿರುತ್ತದೆ. ಚೆಂಡು ಎಡಗಾಲಿನ ಹಿಮ್ಮಡಿಯ ಒಳಬದಿಗೆ ಎದುರಾಗಿರಲಿ. ಡ್ರೈವರನ್ನು ಪಕ್ಕಕ್ಕೆ ಇಟ್ಟಾಗ ಚೆಂಡಿನ ಅರ್ಧದಷ್ಟು ಅದರ ನೆತ್ತಿಗಿಂತ ಮೇಲೆ ಕಾಣುವಷ್ಟು ಟೀ ಎತ್ತರ ಇರಲಿ. ಕಾಲುಗಳು ಭುಜಕ್ಕಿಂತ ತುಸು ಅಗಲ. ಬಲಭುಜ ಎಡಭುಜಕ್ಕಿಂತ ಸ್ವಲ್ಪ ಕೆಳಗಿದ್ದು, ಬೆನ್ನು ಗುರಿಯಿಂದ ಆಚೆಗೆ ಕೊಂಚ ವಾಲಿರಲಿ. ಕ್ರಿಕೆಟ್ ಆಡಿ ಬಂದವರಿಗೆ ಇದು ಕಷ್ಟ. ಕವರ್ ಡ್ರೈವ್‌ಗೆ ತಲೆಯನ್ನು ಚೆಂಡಿನ ಮೇಲೆ ತರುವ ಅಭ್ಯಾಸ ಮೈಗೆ ಅಂಟಿರುತ್ತದೆ. ಇಲ್ಲಿ ತಲೆ ಚೆಂಡಿನ ಹಿಂದೆಯೇ ಉಳಿಯಬೇಕು.

ನಿಧಾನ ಬೀಸುವವರಿಗೆ ಇನ್ನೊಂದು ಮಾತು: 9 ಡಿಗ್ರಿ ಡ್ರೈವರ್ ಕೊಂಡು ಹೆಮ್ಮೆಪಡಬೇಡಿ. 10.5 ಅಥವಾ 12 ಡಿಗ್ರಿಯದು ನಿಮ್ಮ ಚೆಂಡನ್ನು ಹೆಚ್ಚು ಹೊತ್ತು ಗಾಳಿಯಲ್ಲಿ ಇಡುತ್ತದೆ.

ಪಾಠದಲ್ಲಿ ಏನು ನಡೆಯಬೇಕು

ಒಳ್ಳೆಯ ಕೋಚ್ ಮೊದಲ ಹತ್ತು ನಿಮಿಷ ನಿಮ್ಮ ಮೈಗಿಂತ ಜಾಸ್ತಿ ಚೆಂಡನ್ನು ನೋಡುತ್ತಾರೆ. ಚೆಂಡು ಎಡಕ್ಕೆ ಹೊರಟು ಬಲಕ್ಕೆ ಬಾಗಿದರೆ ಮುಖ ಎಡಕ್ಕಿತ್ತು, ದಾರಿ ಅದಕ್ಕಿಂತ ಎಡಕ್ಕಿತ್ತು. ಬಲಕ್ಕೆ ಹೊರಟು ಇನ್ನೂ ಬಲಕ್ಕೆ ಬಾಗಿದರೆ ಮುಖ ಪೂರ್ತಿ ತೆರೆದಿದೆ. ಎಡಕ್ಕೆ ಹೊರಟು ಬಾಗದೆ ನೆಟ್ಟಗೆ ಹೋದರೆ ಎರಡೂ ಒಟ್ಟಿಗೆ ಎಡಕ್ಕಿವೆ. ಹಾರಾಟವೇ ವರದಿ. ಮೊಬೈಲ್ ವಿಡಿಯೋ ಇದೆಯಲ್ಲ ಅಂತ ಅನಿಸಬಹುದು. ಸೆಕೆಂಡಿಗೆ 240 ಚಿತ್ರ ತೆಗೆಯುವ ಫೋನಿನಲ್ಲೂ ಎರಡು ಚಿತ್ರಗಳ ನಡುವಿನ ಅಂತರ 4 ಮಿಲಿಸೆಕೆಂಡಿಗಿಂತ ಹೆಚ್ಚು. ಚೆಂಡು ಮುಖದ ಮೇಲೆ ಇರುವುದು ಅದರ ಎಂಟನೆಯ ಒಂದು ಪಾಲು. ವಿಡಿಯೋ ಸ್ವಿಂಗ್ ಯಾವ ಆಕಾರದಲ್ಲಿದೆ ಅಂತ ನೋಡಲು ಚೆನ್ನ, ತಾಗಿದ ಕ್ಷಣ ನೋಡಲು ಅಲ್ಲ.

ಇನ್ನು ಯಾವುದನ್ನು ಮೊದಲು ಸರಿಮಾಡಬೇಕು ಅನ್ನುವ ಪ್ರಶ್ನೆ. ಮುಖ ಮೊದಲು, ದಾರಿ ಆಮೇಲೆ ಅನ್ನುವುದು ನನ್ನ ಅಭಿಪ್ರಾಯ. ಇದಕ್ಕೆ ಕಾರಣ ಇದೆ. ದಾರಿಯನ್ನು ಮೊದಲು ಬಲಕ್ಕೆ ತಂದರೆ, ಮುಖ ಇನ್ನೂ ತೆರೆದೇ ಇರುವುದರಿಂದ ಚೆಂಡು ಬಲಕ್ಕೇ ಹೊರಟು ಇನ್ನೂ ಬಲಕ್ಕೆ ಓಡುತ್ತದೆ. ಕಲಿಯುವವರು ಹೆದರಿ ಎರಡೇ ದಿನದಲ್ಲಿ ಹಳೆಯ ಬೀಸಿಗೆ ಮರಳುತ್ತಾರೆ. ಮುಖವನ್ನು ಮೊದಲು ಮುಚ್ಚಿದರೆ ಆಗುವುದೇ ಬೇರೆ. ಎಡಕ್ಕೆ ಬೀಸುವ ಅಭ್ಯಾಸ ಹಾಗೇ ಇರುವುದರಿಂದ ಚೆಂಡು ನೆಟ್ಟಗೆ ಎಡಕ್ಕೆ ಹೋಗುತ್ತದೆ. ನಾಲ್ಕು ಚೆಂಡು ಎಡಕ್ಕೆ ಹೋದ ಮೇಲೆ ಯಾರೂ ಹೇಳದೆಯೇ ಮೈ ತನ್ನ ದಾರಿಯನ್ನು ಬಲಕ್ಕೆ ಸರಿಸಿಕೊಳ್ಳತೊಡಗುತ್ತದೆ. ಇಷ್ಟು ದಿನ ಮೋಸ ಮಾಡುತ್ತಿದ್ದ ಸಹಜ ಬುದ್ಧಿಯನ್ನೇ ಈಗ ಕೆಲಸಕ್ಕೆ ಹಚ್ಚಿದ ಹಾಗಾಯಿತು.

ಮುಖ ಮುಚ್ಚುವುದು ಶುರುವಾಗುವುದು ಗ್ರಿಪ್‌ನಿಂದ. ಎಡಗೈ ಹಿಡಿತ ನೋಡಿಕೊಳ್ಳಿ. ಮೇಲಿನಿಂದ ನೋಡಿದಾಗ ಬೆರಳಿನ ಗೆಣ್ಣು ಒಂದೇ ಕಾಣುತ್ತಿದ್ದರೆ ಮುಖ ತೆರೆದು ಬರುವ ಸಾಧ್ಯತೆ ಜಾಸ್ತಿ. ಕೈಯನ್ನು ಬಲಕ್ಕೆ ಹೊರಳಿಸಿ ಎರಡೂವರೆ, ಮೂರು ಗೆಣ್ಣು ಕಾಣುವಂತೆ ಹಿಡಿಯಿರಿ. ಹೆಬ್ಬೆರಳು ತೋರುಬೆರಳಿನ ನಡುವಿನ ಗೆರೆ ಬಲಭುಜದ ಕಡೆಗಿರಲಿ. ಮೊದಮೊದಲು ತೀರಾ ವಿಚಿತ್ರ ಅನಿಸುತ್ತದೆ. ಕ್ಲಬ್ಬು ಕೈಯಿಂದ ಜಾರಿಹೋಗುತ್ತದೇನೋ ಅನಿಸುತ್ತದೆ. ಕೋಚ್ ಪಕ್ಕದಲ್ಲಿ ಇಲ್ಲದಿದ್ದರೆ ಇಲ್ಲೇ ಕೈಬಿಡುವುದು ಖಂಡಿತ. ಗ್ರಿಪ್ ಬದಲಾಯಿಸುವುದು ಪಾಠದ ಅತಿ ಬೇಸರದ ಭಾಗ, ಅತಿ ಹೆಚ್ಚು ಫಲ ಕೊಡುವ ಭಾಗವೂ ಹೌದು.

ಈಗ 'ತಲೆ ಎತ್ತಬೇಡಿ' ಅನ್ನುವ ಮಾತಿಗೆ ಬರೋಣ. ತಲೆ ಎದ್ದಿದ್ದು ಸಾಮಾನ್ಯವಾಗಿ ತಪ್ಪಿನ ಫಲ, ತಪ್ಪಲ್ಲ. ಅದನ್ನೇ ಹಿಡಿದುಕೊಂಡು ಗಲ್ಲ ಎದೆಗೊತ್ತಿ ನಿಂತರೆ ಭುಜ ತಿರುಗುವುದಕ್ಕೆ ಜಾಗವೇ ಇರುವುದಿಲ್ಲ. ಆಗ ಕೈ ಮಾತ್ರ ಬೀಸುತ್ತದೆ, ಮುಖ ಇನ್ನೂ ತೆರೆಯುತ್ತದೆ.

ಪಾಠ ಮುಗಿಸಿ ಹೊರಡುವಾಗ ನಿಮ್ಮ ಕೈಲಿ ಒಂದೇ ಕೆಲಸ ಇರಬೇಕು. ಎರಡಿದ್ದರೆ ಜಾಸ್ತಿಯಾಯಿತು. 'ಮುಂದಿನ ಪಾಠದ ತನಕ ನಾನು ಯಾವ ಒಂದನ್ನು ನೋಡಿಕೊಳ್ಳಲಿ?' ಅಂತ ಕೇಳಿಯೇ ಹೊರಡಿ. ಆ ಕೆಲಸ ಕ್ಲಬ್ಬಿನ ಬಗ್ಗೆ ಇದ್ದರೆ ಇನ್ನೂ ಒಳ್ಳೆಯದು. ಚಲನೆಯ ಕಲಿಕೆಯ ಸಂಶೋಧಕಿ ಗೇಬ್ರಿಯೆಲೆ ವುಲ್ಫ್ ಮತ್ತು ಸಂಗಡಿಗರು 1999ರಲ್ಲಿ ಗಾಲ್ಫ್ ಹೊಸದಾಗಿ ಕಲಿಯುವವರಿಗೆ ಹತ್ತಿರದ ಗುರಿಗೆ ಚೆಂಡು ಎತ್ತಿಹಾಕುವ ಪಿಚ್ ಹೊಡೆತ ಹೇಳಿಕೊಟ್ಟು ನೋಡಿದರು. ಕೈ ಹೇಗೆ ಆಡುತ್ತಿದೆ ಅಂತ ಗಮನ ಇಟ್ಟವರಿಗಿಂತ ಕ್ಲಬ್ಬು ಹೇಗೆ ಆಡುತ್ತಿದೆ ಅಂತ ಗಮನ ಇಟ್ಟವರು ಚೆನ್ನಾಗಿ ಕಲಿತರು. 'ಮಣಿಕಟ್ಟು ತಿರುಗಿಸಿ' ಅನ್ನುವುದಕ್ಕಿಂತ 'ಕ್ಲಬ್ಬಿನ ಟೋ ಹೀಲನ್ನು ಹಿಂದೆ ಹಾಕಲಿ' ಅನ್ನುವ ಮಾತು ಮೈಗೆ ಬೇಗ ಹತ್ತುತ್ತದೆ.

ಎರಡು ಮೂರು ವಾರಕ್ಕೊಂದು ಪಾಠ ಸಾಕು. ನಡುವೆ ಅಭ್ಯಾಸಕ್ಕೆ ಹೊತ್ತು ಬೇಕಲ್ಲ. ಅಭ್ಯಾಸ ಅಂದರೆ ಒಂದು ಬಕೆಟ್ ಚೆಂಡನ್ನು ಅರ್ಧಗಂಟೆಯಲ್ಲಿ ಡ್ರೈವರಿನಿಂದ ಖಾಲಿ ಮಾಡುವುದಲ್ಲ. ಹೊಸ ಚಲನೆ ಮೈಗೆ ಬರುವ ತನಕ ಅರ್ಧ ವೇಗದಲ್ಲಿ, ಒಂದೇ ತರಹ ಹೊಡೆಯಿರಿ. ಬಂದ ಮೇಲೆ ಪ್ರತಿ ಚೆಂಡಿಗೂ ಕ್ಲಬ್ ಬದಲಿಸಿ, ಗುರಿ ಬದಲಿಸಿ. ಅಭ್ಯಾಸ ಮಾಡುವ ರೇಂಜಿನಲ್ಲಿ ಫಲ ಕೆಟ್ಟದಾಗಿ ಕಾಣುತ್ತದೆ, ಆದರೆ ಮೈದಾನಕ್ಕೆ ಉಳಿದು ಬರುವುದು ಇದೇ. ಅಲ್ಲಿ ಒಂದೇ ಜಾಗದಿಂದ ಡ್ರೈವರ್ ಎರಡು ಸಲ ಹೊಡೆಯುವುದು ಮೊದಲನೆಯದು ಕಳೆದುಹೋದಾಗ ಮಾತ್ರ, ಅಲ್ವಾ?

ಕೋಚ್ ಯಾರು ಅನ್ನುವುದಕ್ಕೆ ನ್ಯಾಷನಲ್ ಗಾಲ್ಫ್ ಅಕಾಡೆಮಿ ಆಫ್ ಇಂಡಿಯಾದ ಪ್ರಮಾಣಪತ್ರ ಒಂದು ಗುರುತು. ಪ್ರಮಾಣಪತ್ರವೇ ಎಲ್ಲ ಅಲ್ಲ. ಬೆಂಗಳೂರಿನ ಕರ್ನಾಟಕ ಗಾಲ್ಫ್ ಅಸೋಸಿಯೇಷನ್‌ನಲ್ಲಿ ಆಟಗಾರರ ಬ್ಯಾಗ್ ಹೊರುವ ಕ್ಯಾಡಿಯಾಗಿ ಶುರು ಮಾಡಿದ ಚಿನ್ನಸ್ವಾಮಿ ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಬೇರೆಯವರ ಸಾವಿರಾರು ಹೊಡೆತಗಳ ಪಕ್ಕದಲ್ಲೇ ನಿಂತು ನೋಡುವುದೂ ಒಂದು ಪಾಠ. ವಾರಕ್ಕೊಮ್ಮೆ ಆಡುವವರಿಗೆ ಅಷ್ಟು ನೋಡುವ ಅವಕಾಶ ಇಲ್ಲ, ಅದಕ್ಕೇ ಫೀಸು ಕೊಡುವುದು.

ದೂರವೋ, ದಿಕ್ಕೋ

ದೂರ ಹೊಡೆಯುವುದು ಬರೀ ಶೋಕಿ, ದುಡ್ಡು ಬರುವುದು ಚೆಂಡನ್ನು ಗುಳಿಗೆ ಉರುಳಿಸುವ ಪಟ್ಟಿಂಗ್‌ನಿಂದ ಅಂತ ಗಾಲ್ಫಿನಲ್ಲಿ ಹಳೆಯ ಮಾತಿದೆ. ಕೊಲಂಬಿಯಾ ವಿಶ್ವವಿದ್ಯಾಲಯದ ಮಾರ್ಕ್ ಬ್ರೋಡಿ ಹೊಡೆತ ಹೊಡೆತದ ಅಂಕಿಅಂಶ ತೆಗೆದು ನೋಡಿದಾಗ ಇದು ತಪ್ಪು ಅಂತ ಕಂಡಿತು. ಒಳ್ಳೆಯ ಆಟಗಾರರಿಗೂ ಸಾಧಾರಣ ಆಟಗಾರರಿಗೂ ಇರುವ ಅಂತರದ ಮೂರರಲ್ಲಿ ಎರಡು ಪಾಲು 100 ಗಜದಾಚೆಯ ಹೊಡೆತಗಳಿಂದ ಬರುತ್ತದೆ. 2020ರ ಯುಎಸ್ ಓಪನ್‌ನಲ್ಲಿ ಬ್ರೈಸನ್ ಡಿಶಾಂಬೊ 56 ಫೇರ್‌ವೇಗಳಲ್ಲಿ 23ಕ್ಕೆ ಮಾತ್ರ ಚೆಂಡು ಹಾಕಿಯೂ ಆರು ಹೊಡೆತಗಳ ಅಂತರದಿಂದ ಗೆದ್ದ. ದೂರಕ್ಕೆ ಅಷ್ಟು ಬೆಲೆ ಇದೆ.

ಇನ್ನೊಂದು ಕಡೆ ಬೆಂಗಳೂರಿನ ಅದಿತಿ ಅಶೋಕ್ ಇದ್ದಾರೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಡ್ರೈವಿನ ದೂರದಲ್ಲಿ ಅವರು ತೀರಾ ಹಿಂದಿದ್ದವರ ಸಾಲಿನಲ್ಲಿದ್ದರು. ಆದರೂ 15 ಅಂಡರ್ (ನಿಗದಿತ ಹೊಡೆತಗಳಿಗಿಂತ 15 ಕಡಿಮೆ) ಆಡಿ, ಪದಕಕ್ಕೆ ಒಂದೇ ಹೊಡೆತ ಕಡಿಮೆಯಾಗಿ ನಾಲ್ಕನೆಯವರಾದರು. ನೆಟ್ಟಗಿನ ಡ್ರೈವ್ ಮತ್ತು ಅಪರೂಪದ ಪಟ್ಟಿಂಗ್ ಇದ್ದರೆ ಎಲ್ಲಿಯ ತನಕ ಹೋಗಬಹುದು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ನಮ್ಮ ನಿಮ್ಮಂಥವರ ಲೆಕ್ಕ ಬೇರೆ. ಡಿಶಾಂಬೊ ಚೆಂಡು ಪಕ್ಕದ ಎತ್ತರದ ಹುಲ್ಲಿಗೆ, ರಫ್‌ಗೆ ಹೋಗುತ್ತದೆ, ನಮ್ಮದು ಗೋಡೆಯಾಚೆ ಹೋಗುತ್ತದೆ. ಮುಖ ಒಂದು ಡಿಗ್ರಿ ತಪ್ಪಿದರೆ 200 ಗಜ ದೂರದಲ್ಲಿ ಮೂರೂವರೆ ಗಜ ತಪ್ಪುತ್ತದೆ. ಐದು ಡಿಗ್ರಿಗೆ ಹದಿನೇಳು ಗಜ, ಬಾಗುವುದು ಬೇರೆ. ಹೈಗ್ರೌಂಡ್ಸ್‌ನಲ್ಲಿ 1876ರಿಂದ ಇರುವ ಬೆಂಗಳೂರು ಗಾಲ್ಫ್ ಕ್ಲಬ್‌ನಂಥ ಊರ ನಡುವಿನ ಮೈದಾನದಲ್ಲಿ ಹದಿನೇಳು ಗಜ ಅಂದರೆ ಕಥೆ ಮುಗಿದಂತೆ. ಚೆಂಡು ಓಬಿ ಆದರೆ, ಅಂದರೆ ಮೈದಾನದ ಗಡಿಯಾಚೆ ಹೋದರೆ, ಟೀಯಿಂದಲೇ ಮೂರನೆಯ ಹೊಡೆತ. ಇಂಥ ಎರಡು ತಪ್ಪಿಸಿದರೆ ಒಂದು ಸುತ್ತಿನಲ್ಲಿ ನಾಲ್ಕು ಹೊಡೆತ ಉಳಿಯುತ್ತದೆ. ಪಾಠದ ಫಲ ಮೊದಲು ಕಾಣುವುದೂ ಇಲ್ಲೇ. ವೇಗ ಹೆಚ್ಚಿಸುವ ಪ್ರಯತ್ನ ಅದಾದ ಮೇಲೆ ಇರಲಿ. ಅದಕ್ಕೆ ಕಾಲು, ಸೊಂಟ ಗಟ್ಟಿಯಾಗಬೇಕು, ಕೆಳಮೈ ಮೊದಲು ಗುರಿಯತ್ತ ತಿರುಗಿ ಕೈ ಆಮೇಲೆ ಬರುವುದನ್ನು ಕಲಿಯಬೇಕು.

ಒಂದು ಸಣ್ಣ ಮಾತು: ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳು. ಚೆಂಡು ಚೆನ್ನೈಗಿಂತ ಇಲ್ಲಿ ತುಸು ದೂರ ಹಾರುತ್ತದೆ. ಚೆನ್ನೈಗೆ ಆಡಲು ಹೋಗಿ ಡ್ರೈವ್ ಕಮ್ಮಿಯಾಯಿತು ಅಂತ ಸ್ವಿಂಗ್ ಬದಲಿಸಬೇಡಿ.

ಪಾಠದ ವಾರದಲ್ಲೇ ಆಡುವ ದಿನ ಬಂತು, ಸ್ಲೈಸೂ ವಾಪಸ್ ಬಂತು ಅನ್ನಿ. ಆಗುತ್ತದೆ. ಟೀ ಬಾಕ್ಸಿನಲ್ಲಿ ನಿಂತು ರಿಪೇರಿ ಶುರು ಮಾಡಬೇಡಿ. ಬಾಕ್ಸಿನ ಬಲ ಅಂಚಿನಲ್ಲಿ ಟೀ ನೆಡಿ. ಅಲ್ಲಿಂದ ಫೇರ್‌ವೇಯ ಎಡ ಅಂಚಿಗೆ ಗುರಿಯಿಟ್ಟರೆ ಚೆಂಡು ಬಾಗಲು ಪೂರ್ತಿ ಅಗಲ ಸಿಗುತ್ತದೆ. ಗ್ರಿಪ್ಪನ್ನು ಅರ್ಧ ಇಂಚು ಕೆಳಗೆ ಹಿಡಿದರೆ ನಡುಮಧ್ಯಕ್ಕೆ ತಾಗುವ ಸಾಧ್ಯತೆ ಹೆಚ್ಚು. ಬಲಗಡೆ ಗೋಡೆಯೋ ಕೆರೆಯೋ ಇದ್ದರೆ ಡ್ರೈವರನ್ನು ಬ್ಯಾಗಿನಲ್ಲೇ ಬಿಟ್ಟು 5 ವುಡ್ ತೆಗೆಯಿರಿ. ಅದರ ಮುಖ ಹೆಚ್ಚು ಓರೆ ಇರುವುದರಿಂದ ಬ್ಯಾಕ್‌ಸ್ಪಿನ್ ಜಾಸ್ತಿ, ಅದೇ ತಪ್ಪಿಗೆ ಅಚ್ಚು ಕಡಿಮೆ ವಾಲುತ್ತದೆ, ಚೆಂಡು ಕಡಿಮೆ ಬಾಗುತ್ತದೆ. ರಿಪೇರಿ ಕೆಲಸ ಮಂಗಳವಾರ ಸಂಜೆ ರೇಂಜಿನಲ್ಲಿ ಮಾಡಿದರಾಯಿತು.